ಆಲಿಸ್ ಸ್ಪ್ರಿಂಗ್ಸ್‌ನಿಂದ ಕೂಬರ್ ಪೀಡಿಗೆ: ದೂರ, ಹಾರಾಟದ ಹೊತ್ತು

ಆಸ್ಟ್ರೇಲಿಯಾದ ಈ ಎರಡು ಊರುಗಳ ನಡುವಿನ ದೂರ ಒಂದು ಕಡೆ 600, ಇನ್ನೊಂದು ಕಡೆ 690 ಕಿ.ಮೀ. ಅಂತಿದೆ, ವಿಮಾನದಲ್ಲಿ ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಎರಡೂ ಸರಿಯೇ. ಮೊದಲನೆಯದು ಆಕಾಶದ ನೇರ ದೂರ, ಎರಡನೆಯದು ಸ್ಟುವರ್ಟ್ ಹೆದ್ದಾರಿಯದು. ಗಂಟೆಗೆ 240 ಕಿ.ಮೀ. ಹಾರುವ ಸಣ್ಣ ಬಾಡಿಗೆ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ ಬೇಕು. ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು. ಟಿಕೆಟ್ ತಗೊಂಡು ಹೋಗುವುದಾದರೆ ಅಡಿಲೇಡ್ ಸುತ್ತಿಕೊಂಡು ಬರಬೇಕು, ಇಡೀ ದಿನ ಹೋಗುತ್ತದೆ.

ನನ್ನ ಕೇಳಿದರೆ ಕಾರೇ ವಾಸಿ. ಏಳೆಂಟು ಗಂಟೆಯ ದಾರಿ, ಪೂರ್ತಿ ಡಾಂಬರು. ಎರ್ಲ್‌ಡಂಡಾ, ಕುಲ್ಗೇರಾ, ಮಾರ್ಲಾದಲ್ಲಿ ಪೆಟ್ರೋಲ್ ಸಿಗುತ್ತದೆ, ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಕತ್ತಲಾದ ಮೇಲೆ ದಯವಿಟ್ಟು ಓಡಿಸಬೇಡಿ, ಕಾಂಗರೂಗಳು ದಿಢೀರನೆ ಅಡ್ಡ ಬರುತ್ತವೆ. ಅಂದ ಹಾಗೆ, ಡಿಸೆಂಬರ್‌ನಲ್ಲಿ ಹೊರಟರೆ ಕೂಬರ್ ಪೀಡಿ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಗಡಿ ದಾಟಿದ ಮೇಲೆ, ಅಲ್ಲಿನ ಬೇಸಿಗೆ ಸಮಯಕ್ಕೆ ತಕ್ಕಂತೆ ಗಡಿಯಾರ ಒಂದು ಗಂಟೆ ಮುಂದಿಡಬೇಕು.