‘ಖಲ್ಲಿವಲ್ಲಿ’ ಆದವರ ಮನೆಯವರಿಗೆ

ಗಲ್ಫ್‌ನಲ್ಲಿ ಕಾಗದಪತ್ರವಿಲ್ಲದೆ ದುಡಿಯುವವರನ್ನು ಅಲ್ಲಿರುವ ನಮ್ಮವರು ‘ಖಲ್ಲಿವಲ್ಲಿ’ ಎನ್ನುತ್ತಾರೆ. ಅವರ ಮನೆಯವರಿಂದ ಬರುವ ಪತ್ರಗಳಲ್ಲಿ ಊರು ಮಾತ್ರ ಬೇರೆ, ಪ್ರಶ್ನೆ ಅದೇ ಆಗಿರುವುದರಿಂದ ಈ ಬಾರಿ ಒಂದಕ್ಕೇ ವಿವರವಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಯಜಮಾನರು ವಿಸಿಟ್ ವೀಸಾದಲ್ಲಿ ದುಬೈಗೆ ಹೋದರು. ವೀಸಾ ಮುಗಿದು ಹದಿನಾಲ್ಕು ತಿಂಗಳಾಯಿತು. ಪಾಸ್‌ಪೋರ್ಟ್ ಕೆಲಸ ಕೊಟ್ಟವನ ಬಳಿ ಇದೆ. ಮನೆಗೆ ಹಣ ಬರುತ್ತಿರುವುದು ಅಧಿಕೃತ ದಾರಿಯಲ್ಲಲ್ಲ, ಹುಂಡಿಯವರ (ಖಾಸಗಿಯಾಗಿ ಹಣ ಸಾಗಿಸುವವರ) ಮೂಲಕ. ಕ್ಷಮಾದಾನ ಬರುವವರೆಗೆ ದುಡಿಯಲಿ ಎನ್ನುತ್ತಾನೆ ಏಜೆಂಟ್. ಕಾಯಬಹುದೇ? (ಕುಂದಾಪುರ)

ಉತ್ತರ: ಕಾಯಬೇಡಿ. ವೀಸಾ ಮುಗಿದೂ ಉಳಿದವರ ದಂಡವನ್ನು ಅಲ್ಲಿನ ಸರ್ಕಾರ ಮನ್ನಾ ಮಾಡುವ ಕ್ಷಮಾದಾನವೆಂಬುದು ವರ್ಷವರ್ಷ ಬರುವ ಜಾತ್ರೆಯಲ್ಲ. ಯುಎಇಯಲ್ಲಿ 2018ರಲ್ಲಿ ಒಂದು ಬಂತು, 2020ರಲ್ಲಿ ಕೋವಿಡ್ ಕಾರಣಕ್ಕೆ ವಿನಾಯಿತಿ ಸಿಕ್ಕಿತು, ಅನಂತರದ್ದು 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ನಡೆದು ಮುಗಿಯಿತು. ಮುಂದಿನದು ಯಾವಾಗ ಎಂದು ಹೇಳುವ ಏಜೆಂಟನಿಗೆ ಪಂಚಾಂಗ ಕೊಟ್ಟವರು ಯಾರೋ ನಾನರಿಯೆ. ಅತ್ತ ಅವಧಿ ಮೀರಿ ಉಳಿದದ್ದಕ್ಕೆ ದಂಡ ಮಾತ್ರ ದಿನಕ್ಕೆ 50 ದಿರ್ಹಮ್‌ನಂತೆ ಏರುತ್ತಲೇ ಇದೆ. ನಿಮ್ಮ ಯಜಮಾನರ ಲೆಕ್ಕ ಈಗಾಗಲೇ 21,000 ದಿರ್ಹಮ್ ದಾಟಿದೆ.

ಅವರು ಮೊದಲು ಹೋಗಬೇಕಾದದ್ದು ದುಬೈನ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ. ಅಲ್ಲಿ ಕಾನೂನು ಸಲಹೆಗೆ ಶುಲ್ಕವಿಲ್ಲ. ಪಾಸ್‌ಪೋರ್ಟ್ ಕೈಗೆ ಬಾರದಿದ್ದರೆ ಊರಿಗೆ ಮರಳುವುದಕ್ಕೆ ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಆದರೆ ಈ ‘ಔಟ್‌ಪಾಸ್’ ಸಿಕ್ಕಿದರೆ ದಂಡವೂ ಹೋಯಿತು ಎಂಬುದು ಶುದ್ಧ ಸುಳ್ಳು. ದಂಡ ಅಲ್ಲಿನ ಸರ್ಕಾರದ್ದು, ಅದರ ಕಡಿತಕ್ಕೆ ಅಲ್ಲಿನ ವಲಸೆ ಇಲಾಖೆಯನ್ನೇ ಕೇಳಿಕೊಳ್ಳಬೇಕು. ತೀರಾ ಕೈಲಾಗದವರ ಟಿಕೆಟ್ಟಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಬಹುದು, ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ.

ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದು ಹೆದರಿಸುವ ಧಣಿಗೂ ಹೆದರಿಕೆ ಇರಬೇಕಾದ ಕಾಲವಿದು. ಕೆಲಸದ ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡವನಿಗೆ ಅಲ್ಲಿನ ಕಾರ್ಮಿಕ ಕಾನೂನಿನ 2024ರ ತಿದ್ದುಪಡಿಯ ಪ್ರಕಾರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಹಾಗೆಂದು ನಿಮ್ಮವರು ಅವನೊಡನೆ ಜಗಳಕ್ಕಿಳಿಯುವುದು ಬೇಡ. ಗಡೀಪಾರಾಗುವುದು ಅವನಲ್ಲ, ಇವರು.

ಇನ್ನು ಹುಂಡಿ. ಎಮಿರೇಟ್ಸ್ ಐಡಿಯಾಗಲಿ (ಯುಎಇ ನಿವಾಸಿಗಳ ಗುರುತಿನ ಚೀಟಿ) ಪಾಸ್‌ಪೋರ್ಟ್ ಆಗಲಿ ಕೈಯಲ್ಲಿಲ್ಲದವರಿಗೆ ಹಣ ಕಳಿಸುವ ಎಕ್ಸ್‌ಚೇಂಜ್‌ನ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ಬಲ್ಲೆ. ಆದರೂ ಗುರುತಿಲ್ಲದ ಖಾತೆಯಿಂದ ಬರುವ ಆ ಹಣ ಎಲ್ಲೋ ಸೈಬರ್ ವಂಚನೆಗೆ ಸಿಕ್ಕವರದ್ದಾಗಿದ್ದರೆ, ಪೊಲೀಸರ ಸೂಚನೆಯಂತೆ ಬ್ಯಾಂಕು ತಡೆಹಿಡಿಯುವುದು ನಿಮ್ಮ ಖಾತೆಯನ್ನು, ಮಕ್ಕಳ ಶಾಲೆಯ ಫೀಸು ಕಟ್ಟುವ ವಾರದಲ್ಲೇ ಆದರೂ ಸರಿ. ಸಾಲದ್ದಕ್ಕೆ, ಹುಂಡಿ ಹಣ ಪಡೆಯುವುದು ವಿದೇಶಿ ವಿನಿಮಯದ ‘ಫೆಮಾ’ ಕಾಯ್ದೆಯ ಉಲ್ಲಂಘನೆ. ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು. ‘ನಂಬಿಕಸ್ಥ ಹುಂಡಿಯವರು ಯಾರು’ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ.

ಪ್ರಶ್ನೆ: ಫ್ರೀ ವೀಸಾಕ್ಕೆ ಎಷ್ಟು ಕೊಡಬಹುದು? (ಭಟ್ಕಳ)

ಉತ್ತರ: ಒಂದು ರೂಪಾಯಿಯೂ ಬೇಡ, ಹೆಸರಿಗೆ ಒಬ್ಬ ಧಣಿ, ದುಡಿಯುವುದು ಎಲ್ಲಿಯಾದರೂ ಎನ್ನುವ ಅಂಥ ವೀಸಾವೇ ಕಾನೂನಿನಲ್ಲಿ ಇಲ್ಲ.

ಪ್ರಶ್ನೆ: ಗಡೀಪಾರಾದ ನನ್ನ ತಮ್ಮ ಬೇರೆ ಹೆಸರಿನ ಪಾಸ್‌ಪೋರ್ಟ್ ಮಾಡಿಸಿ ಮತ್ತೆ ದುಬೈಗೆ ಹೋಗಬಹುದೇ? (ಕಾರ್ಕಳ)

ಉತ್ತರ: ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕಣ್ಣಿನ ಪಾಪೆಯನ್ನೇ ಸ್ಕ್ಯಾನ್ ಮಾಡುತ್ತಾರೆ, ಇಲ್ಲಿ ಪಾಸ್‌ಪೋರ್ಟ್ ಕಾಯ್ದೆಯಡಿ ಜೈಲಿದೆ. ಈ ಉಪಾಯ ಹೇಳಿಕೊಟ್ಟವರು ಎಷ್ಟು ಮುಂಗಡ ಕೇಳಿದರು ಎಂಬುದನ್ನೂ ನೀವು ಬರೆಯಬೇಕಿತ್ತು.