ದುಡ್ಡು ಕೊಟ್ಟವರ ಮಾತು ಎಲ್ಲಿಯವರೆಗೆ?

ಮಾನ್ಯರೇ,

‘ತೆರಿಗೆ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯ ಸರ್ಕಾರದ ಮಾತು ಕೇಳಬೇಡವೇ? ಸ್ವಾಯತ್ತತೆ ಎಂಬುದು ಲೆಕ್ಕ ಕೊಡದಿರಲು ಹೂಡಿದ ನೆಪವಲ್ಲವೇ?’ ಎಂದು ಕೇಳಿದ್ದೀರಿ.

ಕೇಳಬೇಕು. ಲೆಕ್ಕವನ್ನೂ ಕೊಡಬೇಕು. ಎಷ್ಟು ವೈದ್ಯರು ಬೇಕು, ಓದಿನಿಂದ ಹೊರಗುಳಿದವರಿಗೆ ಬಾಗಿಲು ಹೇಗೆ ತೆರೆಯಬೇಕು ಎಂದು ಹೇಳುವ ಹಕ್ಕು ಸರ್ಕಾರಕ್ಕಿದೆ. ಯಾರು ಪಾಸಾಗಬೇಕು, ಯಾರನ್ನು ಪ್ರಾಧ್ಯಾಪಕರನ್ನಾಗಿ ಆರಿಸಬೇಕು, ಸಂಶೋಧನೆ ಯಾವ ತೀರ್ಮಾನಕ್ಕೆ ಬರಬೇಕು ಎಂಬುದು ಅದರ ಕೆಲಸವಲ್ಲ. ಅಮೆರಿಕದ 1862ರ ಮೊರಿಲ್ ಕಾಯ್ದೆ ನೋಡಿ. ರಾಜ್ಯಗಳಿಗೆ ಭೂಮಿ ಕೊಟ್ಟು, ಅದರ ಆದಾಯದಿಂದ ನಡೆಯುವ ಕಾಲೇಜುಗಳಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸಬೇಕೆಂದು ಷರತ್ತು ಹಾಕಿತು. ಉಳಿದ ವಿಜ್ಞಾನ, ಶಾಸ್ತ್ರೀಯ ವಿಷಯಗಳನ್ನು ಕೈಬಿಡಬೇಕಿಲ್ಲ ಎಂದೂ ಬರೆಯಿತು.

ನನ್ನ ಮಟ್ಟಿಗೆ ಸ್ವಾಯತ್ತತೆ ನಿಜವಾಗಿ ಸೋರಿಹೋಗುವುದು ಅನುದಾನದ ಆದೇಶದಲ್ಲಿ. ಸಂಬಳಕ್ಕಿಷ್ಟು, ಉಪಕರಣಕ್ಕಿಷ್ಟು, ರಾಸಾಯನಿಕಕ್ಕಿಷ್ಟು ಎಂದು ಬಾಬ್ತುವಾರು ಹಣ ಬಂದರೆ, ಯಂತ್ರ ಬಂದು ಕೂತಿರುತ್ತದೆ, ಅದಕ್ಕೆ ಹಾಕುವ ರಾಸಾಯನಿಕಕ್ಕೆ ಕಾಸಿರುವುದಿಲ್ಲ. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ಹಾಕಲು ಕಡತ ಮೇಲಕ್ಕೆ ಹೋಗಬೇಕು; ಅದು ಮರಳುವಷ್ಟರಲ್ಲಿ ಆರ್ಥಿಕ ವರ್ಷ ಮುಗಿದು ಉಳಿಕೆ ವಾಪಸಾಗಿರುತ್ತದೆ. ಬ್ರಿಟನ್ ಇದಕ್ಕೊಂದು ದಾರಿ ಕಂಡುಕೊಂಡಿತ್ತು. 1919ರಲ್ಲಿ ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯ ಅನುದಾನ ಸಮಿತಿ ದಶಕಗಳ ಕಾಲ ಐದೈದು ವರ್ಷಕ್ಕೆ ಇಡಿಗಂಟು ಕೊಡುತ್ತಿತ್ತು, ಹಂಚಿಕೆ ವಿಶ್ವವಿದ್ಯಾಲಯದ್ದೇ. ಆ ಸಮಿತಿ 1989ರಲ್ಲಿ ಕೊನೆಗೊಂಡಿತು. ಇಡಿಗಂಟು ಕೊಟ್ಟ ಮೇಲೆ ಲೆಕ್ಕಪರಿಶೋಧನೆ ಕಟ್ಟುನಿಟ್ಟಾಗಿಯೇ ಇರಲಿ, ಖರ್ಚಾದ ನಂತರ. ಖಾಲಿ ಹುದ್ದೆ ತುಂಬಲು ಅನುಮತಿ ತಡೆಹಿಡಿಯುವುದೂ ಇದೇ ಬಗೆಯ ಹಿಡಿತ: ವರ್ಷದ ಗುತ್ತಿಗೆಯಲ್ಲಿರುವ ಅಧ್ಯಾಪಕರು ವಿಶ್ವವಿದ್ಯಾಲಯದ ಪರಿಷತ್ತಿನಲ್ಲಿ ‘ಬೇಡ’ ಎನ್ನಲು ಹಿಂಜರಿಯುತ್ತಾರೆ.

ನಿಮ್ಮ ಸಿಟ್ಟಿನಲ್ಲಿ ನಿಜವೂ ಇದೆ. ಪಠ್ಯಕ್ರಮ ಹಳಸಿದರೆ ಅದು ಬಹುಪಾಲು ಒಳಗಿನವರದೇ ತಪ್ಪು. ಹೊಸ ವಿಷಯ ಸೇರಿಸಲು ಎಲ್ಲರೂ ಸಿದ್ಧ, ತಮ್ಮ ಬೋಧನಾ ಗಂಟೆ ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ. ಹೊರೆ ವಿದ್ಯಾರ್ಥಿಯ ತಲೆಗೆ. ಯಾವುದನ್ನು ತೆಗೆಯುತ್ತೀರಿ ಎಂದು ಬರೆಯದ ಪ್ರಸ್ತಾವವನ್ನು ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿ ಚರ್ಚೆಗೇ ಎತ್ತಿಕೊಳ್ಳಬಾರದು. ಕೆಲಸ ಕೊಡುವವರು, ಹಳೆಯ ವಿದ್ಯಾರ್ಥಿಗಳು ಮಂಡಳಿಯಲ್ಲಿ ಕೂರಲಿ, ಆದರೆ ಬಹುಮತ ಅಧ್ಯಾಪಕರದಾಗಿರಲಿ. ಇಲ್ಲದಿದ್ದರೆ ಇವತ್ತು ಬಳಕೆಯಲ್ಲಿರುವ ಸಾಫ್ಟ್‌ವೇರೇ ಪಠ್ಯವಾಗಿ, ಪದವಿ ಮುಗಿಯುವಷ್ಟರಲ್ಲಿ ಅದೂ ಹಳತಾಗಿರುತ್ತದೆ. ಹೊಸ ವಿಷಯವನ್ನು ಮೊದಲು ಐಚ್ಛಿಕವಾಗಿ ಎರಡು ತಂಡಗಳಿಗೆ ಕಲಿಸಿ ನೋಡಿ, ಆಮೇಲೆ ಕಡ್ಡಾಯ ಮಾಡುವುದು ಲೇಸು.

ನಿಮ್ಮ ವಿಶ್ವವಿದ್ಯಾಲಯದ ಅನುದಾನ ಆದೇಶದ ಪ್ರತಿ ಸಿಕ್ಕರೆ, ಅದರಲ್ಲಿ ಎಷ್ಟು ಬಾಬ್ತುಗಳಿವೆ ಎಂದು ಎಣಿಸಿ ನಮಗೆ ಬರೆಯಿರಿ.

— ಸಂಪಾದಕ