ಅರ್ಹತಾ ಪತ್ರ ಸುರಕ್ಷತೆಯ ಖಾತರಿಯಲ್ಲ

"ಅಮೆರಿಕದ ಹೆದ್ದಾರಿ ತಡೆಬೇಲಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದ ಟಿಪ್ಪಣಿ ಏಕಪಕ್ಷೀಯ. ಟ್ರಿನಿಟಿ ಕಂಪನಿಯ ಇಟಿ-ಪ್ಲಸ್ ಎಂಟೂ ಪರೀಕ್ಷೆಗಳಲ್ಲಿ ಪಾಸಾಗಿದೆ, ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರ ನಿಂತಿದೆ. ಇನ್ನೂ ಸರ್ಕಾರವನ್ನು ದೂರುವುದೇಕೆ? ದಿನಾ ಆ ಬೇಲಿಗಳ ಪಕ್ಕದಲ್ಲೇ ಓಡಾಡುವ ನಾನು ಏನು ಮಾಡಬೇಕು?"
— ಓದುಗರೊಬ್ಬರು, ಡಲ್ಲಾಸ್, ಟೆಕ್ಸಾಸ್

ಮಾನ್ಯರೇ,

ನೀವು ಹೇಳಿದ ಎರಡೂ ಸಂಗತಿ ನಿಜ. ಆದರೆ ನಮ್ಮ ತಕರಾರು ಕಂಪನಿಗಿಂತ ಹೆಚ್ಚಾಗಿ, ಅದಕ್ಕೆ ಅರ್ಹತಾ ಪತ್ರ ಬರೆದುಕೊಟ್ಟ ಕಚೇರಿಯ ಮೇಲೆ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಫೆಡರಲ್ ಹೆದ್ದಾರಿ ಆಡಳಿತದ ಮೇಲೆ.

ಟಿಪ್ಪಣಿ ಓದದವರಿಗಾಗಿ ಒಂದೆರಡು ಮಾತು. ರಸ್ತೆಯಂಚಿನ ಉಕ್ಕಿನ ಪಟ್ಟಿಗೆ ಕಾರು ಪಕ್ಕದಿಂದ ಉಜ್ಜಿದರೆ ಅದು ಕಾರನ್ನು ಕಾಯುತ್ತದೆ. ಬರಿಯ ತುದಿಗೆ ನೇರವಾಗಿ ಗುದ್ದಿದರೆ ಅದೇ ಪಟ್ಟಿ ಕಾರಿನೊಳಕ್ಕೆ ನುಗ್ಗುತ್ತದೆ. ಅದಕ್ಕೇ ತುದಿಗೊಂದು ಉಕ್ಕಿನ ತಲೆ ಕೂರಿಸುತ್ತಾರೆ. ಟ್ರಿನಿಟಿಯ ಇಟಿ-ಪ್ಲಸ್ ಅಂಥದೊಂದು ತಲೆ. ಕಾರು ಬಡಿದಾಗ ಈ ತಲೆ ಪಟ್ಟಿಯ ಉದ್ದಕ್ಕೂ ಹಿಂದಕ್ಕೆ ಸರಿಯುತ್ತದೆ. ಪಟ್ಟಿ ಅದರ ಬಾಯಿಗೆ ಸಿಕ್ಕಿ, ಶ್ಯಾವಿಗೆ ಒರಳಿನಲ್ಲಿ ಹಿಟ್ಟು ಒತ್ತಿದಂತೆ, ಚಪ್ಪಟೆಯಾಗಿ ಪಕ್ಕಕ್ಕೆ ಸುರುಳಿ ಸುತ್ತಿಕೊಂಡು ಹೊರಬರುತ್ತದೆ. ಕಾರಿನ ವೇಗವೆಲ್ಲ ಆ ಉಕ್ಕನ್ನು ಬಗ್ಗಿಸುವುದರಲ್ಲೇ ಖರ್ಚಾಗುತ್ತದೆ. ಪಟ್ಟಿ ಸಲೀಸಾಗಿ ಜಾರಬೇಕು, ಅಷ್ಟೇ. ಎಲ್ಲೋ ಸಿಕ್ಕಿಹಾಕಿಕೊಂಡರೆ ಅದು ಮಡಚಿ ಕಾರನ್ನು ಸೀಳಬಹುದು.

2005ರಲ್ಲಿ ಟ್ರಿನಿಟಿ ಈ ತಲೆಗೆ ಪಟ್ಟಿಯನ್ನು ತಲುಪಿಸುವ ಕಾಲುವೆಯ ಅಗಲವನ್ನು ಐದು ಇಂಚಿನಿಂದ ನಾಲ್ಕು ಇಂಚಿಗೆ ಇಳಿಸಿತು. ಕಂಪನಿಯ ಒಳಗಿನ ಇ-ಮೇಲ್ ಪ್ರಕಾರ ಉಳಿತಾಯ ತಲಾ ಎರಡು ಡಾಲರ್, ವರ್ಷಕ್ಕೆ 50 ಸಾವಿರ ಡಾಲರ್. ಫೆಡರಲ್ ಹೆದ್ದಾರಿ ಆಡಳಿತಕ್ಕೆ ಇದು ಗೊತ್ತಾದದ್ದು 2012ರಲ್ಲಿ, ಅದೂ ಜೋಶುವಾ ಹಾರ್ಮನ್ ಎಂಬ ವ್ಯಾಪಾರಿ ದೂರು ಒಯ್ದ ಮೇಲೆ. ಹಾರ್ಮನ್ ಕೂಡ ಅದೇ ವ್ಯಾಪಾರದವರು. ಪೇಟೆಂಟ್ ವಿಚಾರದಲ್ಲಿ ಟ್ರಿನಿಟಿಯೊಂದಿಗೆ ಕೋರ್ಟು ಹತ್ತಿದ್ದವರು. ಆದರೂ ಅಳತೆ ಬದಲಾದದ್ದಂತೂ ಸುಳ್ಳಲ್ಲವಲ್ಲ. ತಿಳಿಸದೆ ಹೋದದ್ದು ಕಣ್ತಪ್ಪಿನಿಂದ ಎಂದು ಕಂಪನಿ ಹೇಳಿತು.

ಈಗ ಆ ಕಚೇರಿ ಮಾಡಿದ್ದನ್ನು ನೋಡಿ. 2014ರ ಜೂನ್‌ನಲ್ಲಿ, ಕಂಪನಿ ಸರ್ಕಾರಕ್ಕೆ ವಂಚಿಸಿದೆ ಎಂದು ಹಾರ್ಮನ್ ಸರ್ಕಾರದ ಪರವಾಗಿ ಹೂಡಿದ್ದ ದಾವೆಯ ವಿಚಾರಣೆಗೆ ಮುನ್ನ, ಇಟಿ-ಪ್ಲಸ್‌ಗೆ ಫೆಡರಲ್ ಹಣ ಪಡೆಯುವ ಅರ್ಹತೆ ಮೊದಲಿನಿಂದಲೂ ಇದೆ, ಈಗಲೂ ಇದೆ ಎಂದು ಪತ್ರ ಬರೆಯಿತು. ಅದಕ್ಕೆ ಮುಂಚೆ ತಾನಾಗಿ ಹೊಸ ಪರೀಕ್ಷೆ ನಡೆಸಲಿಲ್ಲ. ಹಳೆಯ ವರದಿಗಳೇ ಸಾಕಾದವು. ಅಕ್ಟೋಬರ್‌ನಲ್ಲಿ ಟೆಕ್ಸಾಸಿನ ಮಾರ್ಷಲ್ ಊರಿನ ಜ್ಯೂರಿ, ಕಂಪನಿ ಸರ್ಕಾರಕ್ಕೆ ವಂಚಿಸಿದೆ ಎಂದಿತು. ನಷ್ಟದ ಮೂರು ಪಟ್ಟು ಮತ್ತು ದಂಡ ಸೇರಿ ಮೊತ್ತ 66 ಕೋಟಿ ಡಾಲರ್ ದಾಟಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನೀವು ಗಮನಿಸಬೇಕಾದದ್ದು ಅದಕ್ಕೆ ಕೊಟ್ಟ ಕಾರಣವನ್ನು: ಆರೋಪವೆಲ್ಲ ತಿಳಿದ ಮೇಲೂ ಸರ್ಕಾರ ಹಣ ಕೊಡುತ್ತಲೇ ಹೋಯಿತು, ಹಾಗಿದ್ದರೆ ಮುಚ್ಚಿಟ್ಟ ಸಂಗತಿ ಸರ್ಕಾರದ ಪಾಲಿಗೆ ಮುಖ್ಯವಾಗಿರಲಿಲ್ಲ. ನಾಲ್ಕು ಇಂಚಿನ ಕಾಲುವೆ ಒಳ್ಳೆಯದೆಂದು ನ್ಯಾಯಾಲಯ ಸರ್ಟಿಫಿಕೇಟ್ ಕೊಡಲಿಲ್ಲ. ಮೋಸ ಹೋದೆ ಎನ್ನಬೇಕಾದವನೇ ಮೋಸವಾಗಿಲ್ಲ ಎಂದು ಬರೆದುಕೊಟ್ಟಿದ್ದ, ಅಷ್ಟೇ. 2019ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಇನ್ನು ಆ ಎಂಟು ಪರೀಕ್ಷೆಗಳು. ಜ್ಯೂರಿಯ ತೀರ್ಪು ಬಂದ ಮೇಲೆ ಸ್ಯಾನ್ ಆಂಟೋನಿಯೊದಲ್ಲಿ ನಡೆದವು. ಎಂಟನೆಯದರಲ್ಲಿ ಸಣ್ಣ ಕಾರು ಗುದ್ದಿ ತಿರುಗಿತು, ಬಾಗಿದ ಪಟ್ಟಿ ಚಾಲಕನ ಬಾಗಿಲಿಗೆ ಬಡಿದು ಅದನ್ನು ಒಳಕ್ಕೆ ತಳ್ಳಿತು. ಇದು ಫೇಲು ಎಂದವರೂ ಇದ್ದರು. ಆಡಳಿತ ಪಾಸು ಎಂದಿತು. ಅಳೆದದ್ದಾದರೂ 1993ರ ಮಾನದಂಡದಿಂದ, 2009ರಲ್ಲಿ ಅದಕ್ಕಿಂತ ಬಿಗಿಯಾದ ಹೊಸದು ಬಂದಿದ್ದರೂ.

ಅರ್ಹತಾ ಪತ್ರದ ಅರ್ಥ, ಇದನ್ನು ಕೊಂಡರೆ ಫೆಡರಲ್ ಹಣ ಸಿಗುತ್ತದೆ ಎಂದು ಮಾತ್ರ. ಆದರೆ ಎಷ್ಟೋ ರಾಜ್ಯಗಳು ಕೊಳ್ಳುವಾಗ ಅದನ್ನೇ ನೆಚ್ಚಿದವು. ಆ ಹೆದ್ದಾರಿ ಆಡಳಿತವೋ, ಯಾವುದನ್ನು ಹಾಕಬೇಕೆಂಬುದು ರಾಜ್ಯಗಳಿಗೆ ಬಿಟ್ಟದ್ದು ಎನ್ನುತ್ತದೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2016ರ ವರದಿಯಲ್ಲಿ ಇನ್ನೊಂದು ಲೋಪವನ್ನು ಎತ್ತಿ ತೋರಿಸಿತು: ಸಾಧನವನ್ನು ರೂಪಿಸಿದ ಸಂಸ್ಥೆಯದೇ ಪ್ರಯೋಗಾಲಯ ಅದನ್ನು ಪರೀಕ್ಷಿಸಬಹುದು. ರಸ್ತೆಯಲ್ಲಿ ನೆಟ್ಟ ಮೇಲೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬ ಮಾಹಿತಿಯೂ ತೀರ ಕಡಿಮೆ ಎಂದಿತು. ಟೆನ್ನೆಸಿಯಲ್ಲಿ ಬೇರೊಂದು ಕಂಪನಿಯ ತಡೆಬೇಲಿಗೆ ಗುದ್ದಿ ಮೃತಪಟ್ಟ ಯುವತಿಯ ಹೆಸರಿಗೆ, ಹಾಳಾದ ಬೇಲಿಯ ಬಾಬ್ತು ಸುಮಾರು ಮೂರು ಸಾವಿರ ಡಾಲರಿನ ಬಿಲ್ಲು ಹೋಗಿತ್ತು. ಆಮೇಲೆ ತಪ್ಪಾಯಿತು ಎಂದರು. ಬೇಲಿಯ ಬೆಲೆಯ ಲೆಕ್ಕ ಇಡಲು ಬಲ್ಲ ವ್ಯವಸ್ಥೆಗೆ ಬೇಲಿಯಿಂದಾದ ಸಾವಿನ ಲೆಕ್ಕ ಏಕೆ ಕಷ್ಟವೋ ನನಗೆ ತಿಳಿಯದು.

ನಿಮ್ಮ ಕೊನೆಯ ಪ್ರಶ್ನೆಗೆ: ತಲೆ ಹಿಂದಕ್ಕೆ ಸರಿದಿದ್ದರೆ, ಪಟ್ಟಿ ಸುರುಳಿಯಾಗಿ ಹೊರಬಂದಿದ್ದರೆ, ಆ ತುದಿಗೆ ಈಗಾಗಲೇ ಯಾರೋ ಗುದ್ದಿದ್ದಾರೆ. ಅದು ಎರಡನೆಯ ಗುದ್ದನ್ನು ತಡೆಯುವುದೆಂದು ನಂಬುವಂತಿಲ್ಲ, ಬದಲಿಸಲೇಬೇಕು. ಯಾವ ಹೆದ್ದಾರಿ, ಎಷ್ಟನೆಯ ಮೈಲಿ ಎಂದು ಬರೆದು ಟೆಕ್ಸಾಸ್ ಸಾರಿಗೆ ಇಲಾಖೆಗೆ ದೂರು ಕೊಡಿ. ಫೋಟೊ ಬೇಕೆಂದು ರಸ್ತೆಯಂಚಿನಲ್ಲಿ ಮಾತ್ರ ಕಾರು ನಿಲ್ಲಿಸಬೇಡಿ.

— ಸಂಪಾದಕ